ಬಾಗೂರು ಗುಡ್ಡದ ಬಸವನಹುಳು

ಎಪ್ಪತ್ತನಾಲ್ಕನೆಯ ಇಸವಿಯ ಮುಂಗಾರಿನಲ್ಲಿ ನನ್ನ ತಮ್ಮ ಶಿವಕುಮಾರಪ್ಪ ಒಂದೇ ಪ್ರಯಾಣದಲ್ಲಿ ಎರಡು ಕೆಲಸ ಮುಗಿಸುವ ಯೋಚನೆ ಮಾಡಿದ. ಹೊಸದುರ್ಗದ ಆಚೆ ಬಾಗೂರಿನಲ್ಲಿರುವ ಹೆಂಡತಿಯ ತವರಿಗೆ ಹೋಗಿ ಮಗಳ ಮದುವೆಯ ಮಾತು ಗಟ್ಟಿ ಮಾಡುವುದು ಒಂದು. ಆ ಊರಿನ ಬೆನ್ನಿಗಿರುವ ಬೋಳುಗುಡ್ಡ ಹತ್ತಿ ಬಸವನಹುಳು ಹಿಡಿದು ತರುವುದು ಇನ್ನೊಂದು. ಇವೆರಡರಲ್ಲಿ ಅವನ ಮನಸ್ಸು ಯಾವುದರ ಕಡೆಗಿತ್ತು ಎಂಬುದು ಬಸ್ ನಿಲ್ದಾಣದಲ್ಲಿ ನಮ್ಮನ್ನು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು. ಹೂವು ಹಣ್ಣಿನ ಚೀಲ ನನ್ನ ಕೈಯಲ್ಲಿತ್ತು. ಅವನು ಒದ್ದೆ ಬಟ್ಟೆ ಹಾಸಿದ ಊಟದ ಕ್ಯಾರಿಯರನ್ನು ತೊಡೆಯ ಮೇಲಿಟ್ಟುಕೊಂಡು, ಹೊಳಲ್ಕೆರೆ ದಾಟಿ ಹೊಸದುರ್ಗ ಮುಟ್ಟುವವರೆಗೂ ಕೂಸಿನಂತೆ ಹಿಡಿದುಕೊಂಡಿದ್ದ.

ಅವನು ಚಿತ್ರದುರ್ಗದಲ್ಲಿ ಕಾಲೇಜು ಮೇಷ್ಟ್ರು. ಪ್ರಾಣಿಶಾಸ್ತ್ರ ಹೇಳುತ್ತಿದ್ದ. ಇಪ್ಪತ್ತು ವರ್ಷ ಕಪ್ಪೆ ಕೊಯ್ಯುವುದನ್ನು ಕಲಿಸಿಕೊಂಡು ಸುಖವಾಗಿಯೇ ಇದ್ದ. ಅಷ್ಟರಲ್ಲಿ ಅವನಿಗಿಂತ ಕಿರಿಯನೊಬ್ಬ ಡಾಕ್ಟರ್ ಎನಿಸಿಕೊಂಡು ಬಂದು ಮುಖ್ಯಸ್ಥನ ಕುರ್ಚಿಯಲ್ಲಿ ಕುಳಿತ. ಅಂದಿನಿಂದ ನನ್ನ ತಮ್ಮನಿಗೆ ಜ್ಞಾನದ ಹಸಿವು ಹುಟ್ಟಿತು. ಅದುವರೆಗೆ ಆ ಹಸಿವು ಎಲ್ಲಿ ಮಲಗಿತ್ತೋ ಶಿವನೇ ಬಲ್ಲ.

ಅವನು ಆರಿಸಿಕೊಂಡದ್ದು ಗುಡ್ಡದ ಬಸವನಹುಳು. ಜೋಗಿಮಟ್ಟಿಯಿಂದ ಹಿಡಿದು ಹಿರಿಯೂರಿನ ಮಾರಿಕಣಿವೆ, ಹೊಳಲ್ಕೆರೆ ಕಡೆಯ ಗುಡ್ಡಗಳು, ಬಾಗೂರಿನ ಬೋಳುಗುಡ್ಡ, ಎಲ್ಲ ಕಡೆಯಿಂದ ಹುಳ ತರುತ್ತಿದ್ದ. ಕೆಲವನ್ನು ಹಿತ್ತಲಿನ ಕೊಟ್ಟಿಗೆಯಲ್ಲಿ ಗಾಜಿನ ಭರಣಿಗಳಲ್ಲಿ ಸಾಕಿ ಮೊಟ್ಟೆ ಇಡಿಸುತ್ತಿದ್ದ. ಉಳಿದವನ್ನು ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಒಯ್ದು ಅರೆದು, ರಸವನ್ನು ಗಂಜಿ ಹೆಪ್ಪುಗಟ್ಟಿಸಿದ ಹಾಳೆಯ ಮೇಲಿಟ್ಟು ವಿದ್ಯುತ್ ಹರಿಸುತ್ತಿದ್ದ. ಆ ಹಾಳೆಯ ಮೇಲೆ ಗೆರೆಗಳು ಮೂಡುತ್ತವೆಯಂತೆ. ಗೆರೆ ನೋಡಿದರೆ ಯಾವ ಹುಳಕ್ಕೆ ಯಾವ ಹುಳ ನೆಂಟ, ಎಷ್ಟು ಹತ್ತಿರದ ನೆಂಟ ಎಂದು ಹೇಳಬಹುದಂತೆ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು, ಹೆಸರಿನಲ್ಲೇ ಬಸವನಿರುವ ಪ್ರಾಣಿಯನ್ನು ಕಲ್ಲಿಗೆ ಹಾಕಿ ಅರೆಯುವುದು ನನಗೆ ಸರಿ ಕಾಣಲಿಲ್ಲ. ಹೇಳಿದೆ.

"ಅಣ್ಣ, ವಿಜ್ಞಾನದಲ್ಲಿ ಇದೆಲ್ಲ ಇರುತ್ತೆ" ಎಂದ.

"ಪೂಜೆಗೆ ಕೂರೋ ಮುಂಚೆ ಕೈ ತೊಳ್ಕೊಳ್ಳೋದಾದ್ರೂ ವಿಜ್ಞಾನದಲ್ಲಿ ಐತೇನು?" ಎಂದು ಕೇಳಿದೆ.

ನಾನು ಭರಮಸಾಗರದಲ್ಲಿ ಶಾಲೆಯ ಕೆಲಸದಿಂದ ನಿವೃತ್ತನಾಗಿ ಅಲ್ಲೇ ಇದ್ದವನು. ಹಿಂದಿನ ಕಾರ್ತಿಕದಲ್ಲಿ ನನ್ನ ಹೆಂಡತಿ ರುದ್ರಮ್ಮ ಲಿಂಗೈಕ್ಯಳಾದಳು. ನಮಗೆ ಮಕ್ಕಳಿಲ್ಲ. ಒಬ್ಬನೇ ಬೇಯಿಸಿಕೊಂಡು ತಿನ್ನುವುದು ಬೇಡವೆಂದು ತಮ್ಮ ಕರೆದುಕೊಂಡು ಬಂದ. ಬೆಳಗ್ಗೆ ಪೂಜೆಗೆ ಕುಳಿತಾಗ ಪತ್ರೆ ತಂದಿಡುವ ಕೈ ಬೇರೆಯದಾಯಿತು, ಅಷ್ಟೆ. ಆ ಕೈ ನನ್ನ ತಮ್ಮನ ಮಗಳು ಅನ್ನಪೂರ್ಣಳದು. ಹತ್ತು ವರ್ಷದವರೆಗೆ ಭರಮಸಾಗರದಲ್ಲಿ ನಮ್ಮ ಮನೆಯಲ್ಲೇ ಬೆಳೆದವಳು, ರುದ್ರಮ್ಮನ ಸೆರಗು ಹಿಡಿದು ಕೆರೆ ಏರಿಯ ಮೇಲೆ ಓಡಾಡಿದವಳು. ಈಗ ಅವಳಿಗೆ ಹತ್ತೊಂಬತ್ತು. ಅಪ್ಪನ ಕಾಲೇಜಿನಲ್ಲೇ ಓದುತ್ತ, ಅಪ್ಪನ ಹುಳಗಳ ಚಿಪ್ಪಿನ ಚಿತ್ರ ಬರೆದುಕೊಡುತ್ತಿದ್ದಳು.

ಅವಳನ್ನು ಕೊಡಬೇಕೆಂದಿದ್ದದ್ದು ಅವಳ ತಾಯಿ ಬಸಮ್ಮನ ಒಡಹುಟ್ಟಿದ ತಮ್ಮ ಮುರುಗಪ್ಪನಿಗೆ. ಸೋದರಮಾವನಿಗೆ ಹುಡುಗಿ ಕೊಡುವುದು ನಮ್ಮ ಸೀಮೆಯಲ್ಲಿ ಹೊಸದಲ್ಲ. ಆದರೆ ಬಾಗೂರಿನ ಆ ಮನೆತನಕ್ಕೆ ಅದೊಂದು ವ್ರತವೇ ಆಗಿತ್ತು. ಬಸಮ್ಮನ ತಂದೆ ತಿಪ್ಪೇರುದ್ರಪ್ಪ ತನ್ನ ಅಕ್ಕನ ಮಗಳನ್ನು ಮದುವೆಯಾಗಿದ್ದ. ಅವನ ತಂದೆಯೂ ಹಾಗೇ. ತೆಂಗಿನ ತೋಟ ಹೊರಗೆ ಹೋಗಬಾರದು, ಹೊರಗಿನ ಹೆಣ್ಣು ಒಳಗೆ ಬರಬಾರದು. ಹೀಗೆ ಬಾಗಿಲು ಹಾಕಿಕೊಂಡು ಕುಳಿತ ಮನೆ. ಬಸಮ್ಮ ಹೇಗೆ ನನ್ನ ತಮ್ಮನಿಗೆ ಸಿಕ್ಕಳು ಎಂದರೆ, ಆಗ ಆ ಮನೆಯಲ್ಲಿ ಅವಳಿಗೆ ಮಾವನಾಗುವ ಗಂಡು ಯಾರೂ ಬದುಕಿ ಉಳಿದಿರಲಿಲ್ಲ. ತಿಪ್ಪೇರುದ್ರಪ್ಪನಿಗೆ ಹುಟ್ಟಿದ ಏಳು ಮಕ್ಕಳಲ್ಲಿ ಉಳಿದವರು ಬಸಮ್ಮ, ಮುರುಗಪ್ಪ ಇಬ್ಬರೇ. ಇದನ್ನು ಆ ಮನೆಯವರು ದೃಷ್ಟಿ ಎನ್ನುತ್ತಿದ್ದರು, ಶಾಪ ಎನ್ನುತ್ತಿದ್ದರು, ಬಸಮ್ಮನ ತಾಯಿಯ ಕಾಲ್ಗುಣ ಎನ್ನುತ್ತಿದ್ದರು. ಅವಳಿಂದ ನಾಯಕನಹಟ್ಟಿಗೆ ಎಷ್ಟು ಸಲ ಹರಕೆ ಒಪ್ಪಿಸಿದರೋ, ಎಷ್ಟು ಸೋಮವಾರ ಉಪವಾಸ ಕೆಡವಿದರೋ. ಮನೆತನ ಮಾತ್ರ ದೊಡ್ಡದು ಎಂದು ಹೇಳಿಕೊಳ್ಳುವುದನ್ನು ಬಿಟ್ಟಿರಲಿಲ್ಲ.

ಈ ಮದುವೆಗೆ ಅವಸರ ಹುಟ್ಟಿದ್ದು ನನ್ನ ಹೆಂಡತಿಯ ಹೆಸರಿನಲ್ಲಿ. ಸಾವಾದ ಮನೆಯಲ್ಲಿ ವರ್ಷ ತುಂಬುವುದರೊಳಗೆ ಒಂದು ಮಂಗಳಕಾರ್ಯ ಆಗಬೇಕು, ಇಲ್ಲವಾದರೆ ಮೂರು ವರ್ಷ ಕಾಯಬೇಕು ಎಂದು ತಿಪ್ಪೇರುದ್ರಪ್ಪ ಹೇಳಿ ಕಳಿಸಿದ. ಬದುಕಿದ್ದಾಗ ರುದ್ರಮ್ಮನನ್ನು ಒಂದು ಹಬ್ಬಕ್ಕೂ ಕರೆಯದವನಿಗೆ ಅವಳು ಸತ್ತ ಮೇಲೆ ಇಷ್ಟು ಉಪಯೋಗ ಕಂಡಿತು.

ಬಾಗೂರಿನ ಮನೆಯ ಜಗಲಿಯಲ್ಲಿ ತಿಪ್ಪೇರುದ್ರಪ್ಪ ನಮ್ಮನ್ನು ಎದುರುಗೊಂಡ. ಎಪ್ಪತ್ತು ದಾಟಿದ್ದರೂ ಗಟ್ಟಿಮುಟ್ಟು ಆಳು. ಹಣೆಯ ತುಂಬ ವಿಭೂತಿ.

"ಬರ್ರಿ ಬರ್ರಿ, ಕುಂತ್ಕಳ್ರಿ. ಏನ್ರಿ ಅಳಿಯಂದ್ರೆ, ಕ್ಯಾರಿಯರ್ ತಂದೀರಿ? ನಮ್ಮನೇಲಿ ಊಟ ಹಾಕಲ್ಲ ಅಂತ ತಿಳ್ಕಂಡ್ರಾ?"

"ಊಟಕ್ಕಲ್ಲ ಮಾವ. ಹುಳಕ್ಕೆ."

"ಹುಳ ಉಣ್ಣಾಕಾ?"

"ಹಿಡ್ಕೊಂಡು ಹೋಗೋಕೆ."

ತಿಪ್ಪೇರುದ್ರಪ್ಪ ನನ್ನ ಮುಖ ನೋಡಿದ. ನಾನು ಹಣ್ಣಿನ ಚೀಲ ಅವನ ಮುಂದಿಟ್ಟೆ. ಮದುವೆಯ ಮಾತು ಎಲೆ ಅಡಿಕೆ ಅಗಿದು ಉಗಿಯುವಷ್ಟು ಹೊತ್ತಿನಲ್ಲಿ ಮುಗಿಯಿತು. ಹುಡುಗಿ ಹುಟ್ಟಿದಾಗಲೇ ಗೊತ್ತಾಗಿದ್ದಕ್ಕೆ ಮಾತೇನು ಎಂದ. ಶ್ರಾವಣದಲ್ಲಿ ನಿಶ್ಚಯ, ಕಾರ್ತಿಕಕ್ಕೆ ಮುಂಚೆ ಮದುವೆ. ಮುರುಗಪ್ಪ ಕಂಬಕ್ಕೆ ಒರಗಿ ನಿಂತು ಎಲ್ಲಕ್ಕೂ ತಲೆಯಾಡಿಸಿದ. ಕೆಟ್ಟವನಲ್ಲ. ತೋಟದ ಕೆಲಸ ಮಾಡಿಕೊಂಡು, ಅಕ್ಕನ ಮಗಳು ದೊಡ್ಡವಳಾಗಲಿ ಎಂದು ಎಲ್ಲರೂ ಹೇಳಿದ್ದಕ್ಕೆ ಮೂವತ್ತು ದಾಟುವವರೆಗೂ ಸುಮ್ಮನೆ ಕಾದು ಕುಳಿತವನು. ತನಗೇನು ಬೇಕೆಂದು ಅವನನ್ನೂ ಯಾರೂ ಕೇಳಿರಲಿಲ್ಲ.

ನನ್ನ ತಮ್ಮ ಕಾಫಿ ಲೋಟ ಕೆಳಗಿಟ್ಟವನೇ "ಬಿಸಿಲು ಏರೋದ್ರೊಳಗೆ ಗುಡ್ಡ ಹತ್ತೋಣ ಅಣ್ಣ" ಎಂದ.

ಬೋಳುಗುಡ್ಡಕ್ಕೆ ಆ ಹೆಸರು ಸುಮ್ಮನೆ ಬಂದದ್ದಲ್ಲ. ಬಂಡೆ, ಬಂಡೆಯ ನಡುವೆ ಬಂದ್ರಿ ಗಿಡ, ನಾಲ್ಕು ಕಳ್ಳಿ. ನೆತ್ತಿಯ ಹತ್ತಿರ ಎರಡು ದೊಡ್ಡ ಗುಂಡುಗಳು ಒಂದಕ್ಕೊಂದು ಒರಗಿದ ಸಂದಿಯಲ್ಲಿ ಮಾತ್ರ ಒಂದಿಷ್ಟು ಹಾವಸೆ, ತೇವ. ಹುಳ ಇದ್ದದ್ದು ಅಲ್ಲಿ. ಶಿವಕುಮಾರಪ್ಪ ಹೊಟ್ಟೆಯ ಮೇಲೆ ಮಲಗಿ ಸಂದಿಯೊಳಗೆ ಕೈ ಹಾಕಿದ. ಕೆಳಗೆ ಕುರಿ ಮೇಯಿಸುತ್ತಿದ್ದ ಪಾಲಯ್ಯ ಎಂಬಾತ ಕೋಲೂರಿಕೊಂಡು ಮೇಲೆ ಬಂದ.

"ಏನ್ ಕಳ್ಕಂಡ್ರಿ ಸ್ವಾಮಿ?"

"ಬಸವನಹುಳು ಹುಡುಕ್ತಿದೀನಿ."

"ಔಷಧಿಗಾ?"

"ಓದೋ ವಿಷಯಕ್ಕಪ್ಪ. ಕಾಲೇಜಿಗೆ."

"ಹುಳಾನೂ ಓದ್ಸಾಕೆ ಹತ್ತಿದ್ರಾ?" ಎಂದು ಪಾಲಯ್ಯ ನನ್ನ ಕಡೆ ನೋಡಿ ಗಡ್ಡ ಕೆರೆದುಕೊಂಡ. "ನಮ್ಮ ಹುಡುಗ್ರೇ ಇನ್ನೂ ಓದಿಲ್ಲ, ಇರ್ಲಿ ಬಿಡ್ರಿ." ಎಂದು ಕುರಿ ಕಡೆಗೆ ಇಳಿದು ಹೋದ.

ಕ್ಯಾರಿಯರ್ ತುಂಬಿದ ಮೇಲೆ ನನ್ನ ತಮ್ಮ ಬಂಡೆಯ ನೆರಳಿನಲ್ಲಿ ಕುಳಿತ. ಅವನ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಅವನ ಮದುವೆಯ ದಿನವೂ ಕಂಡಿರಲಿಲ್ಲ. ಕೈ ಚಾಚಿ ಕೆಳಗಿನ ಬಯಲು ತೋರಿಸಿದ.

"ಅಣ್ಣ, ಇಲ್ಲಿಂದ ಜೋಗಿಮಟ್ಟಿಯವರೆಗೆ ಒಂದು ಕಾಲಕ್ಕೆ ಕಾಡಿತ್ತು ಅಂದ್ಕೋ. ನಮ್ಮ ಪುರಾಣದ ಕಾಲಕ್ಕಿಂತ ಹಿಂದೆ. ಮಳೆ ಜಾಸ್ತಿ, ಹವೆ ತಂಪು. ಹುಳ ಈ ಗುಡ್ಡದಿಂದ ಆ ಗುಡ್ಡಕ್ಕೆ ತರಗೆಲೆಯೊಳಗೇ ಹೋಗಿ ಬರ್ತಿದ್ವು. ತಲೆಮಾರು ತಲೆಮಾರು ದಾಟಿ ಹೋಗ್ತಿದ್ವು ಅನ್ನು. ಆಮೇಲೆ ಹವೆ ಬದಲಾಯ್ತು. ಮಳೆ ಹಿಂದೆ ಸರೀತು. ಬಯಲು ಒಣಗ್ತು. ಬಯಲಲ್ಲಿದ್ದವು ಸತ್ತವು. ಗುಡ್ಡದ ಮೇಲೆ ತೇವ ಎಲ್ಲಿ ಉಳೀತೋ ಅಲ್ಲಿದ್ದವು ಬದುಕಿದ್ವು. ಒಂದೊಂದು ಗುಡ್ಡ ಒಂದೊಂದು ದ್ವೀಪ ಆಯ್ತು."

"ಸರಿ."

"ಜೋಗಿಮಟ್ಟಿ ದೊಡ್ಡದು. ಕಾಡೈತೆ, ಒರತೆ ಐತೆ. ಎಂಥ ಬರದಲ್ಲೂ ಅಲ್ಲಿ ಬೇಕಾದಷ್ಟು ಹುಳ ಉಳಿದ್ವು. ಅದಕ್ಕೆ ಅಲ್ಲಿ ಇವತ್ತಿಗೂ ನಾನಾ ಬಗೆ. ಚಿಪ್ಪಿನ ಪಟ್ಟೆ ನಾನಾ ಥರ, ಒಳಗಿನ ಗೆರೆ ನಾನಾ ಥರ. ಈ ಬೋಳುಗುಡ್ಡ ನೋಡು. ಈ ಸಂದಿ ಒಂದೇ. ಯಾವುದೋ ಕೆಟ್ಟ ಕಾಲದಲ್ಲಿ ಇಲ್ಲಿ ಒಂದು ಹಿಡಿ ಹುಳ ಉಳಿದಿರಬೇಕು. ಇವತ್ತಿನವೆಲ್ಲ ಆ ಒಂದು ಹಿಡಿಯ ಮಕ್ಕಳು. ಅಣ್ಣನಿಗೆ ತಂಗಿ, ಚಿಕ್ಕಪ್ಪನಿಗೆ ಅಣ್ಣನ ಮಗಳು, ಹೀಗೆ ಅವವೇ ಕೂಡಿ ಕೂಡಿ ಎಲ್ಲ ಒಂದೇ ಅಚ್ಚು. ಎಷ್ಟು ಹುಳ ಅರೆದರೂ ಗೆರೆ ಒಂದೇ."

"ಹುಳ ಗಂಡೂ ಹೌದು ಹೆಣ್ಣೂ ಹೌದು ಅಂತ ನೀನೇ ಹೇಳಿದ್ದೆ. ಗಂಡು ಹುಡುಕೋ ತೊಂದರೆ ಇಲ್ಲ."

ಅವನು ನಗಲಿಲ್ಲ. "ಅಷ್ಟೇ ಅಲ್ಲ. ಕೊಟ್ಟಿಗೇಲಿ ಸಾಕಿದೀನಲ್ಲ, ಜೋಗಿಮಟ್ಟಿ ಹುಳದ ಮೊಟ್ಟೆ ಹೆಚ್ಚುಕಡಿಮೆ ಎಲ್ಲ ಒಡೀತವೆ. ಬೋಳುಗುಡ್ಡದ ಮೊಟ್ಟೇಲಿ ಅರ್ಧಕ್ಕರ್ಧ ಕಲ್ಲು. ಒಡೆದು ಬಂದವೂ ಕೆಲವು ಚಿಪ್ಪು ಸೊಟ್ಟ, ಕೆಲವು ತೆವಳೋದೇ ಇಲ್ಲ."

ಕೆಳಗೆ ತಿಪ್ಪೇರುದ್ರಪ್ಪನ ಮನೆಯ ಹೆಂಚು ಕಾಣುತ್ತಿತ್ತು.

"ಹಾಗಾದರೆ ಆ ಮನೆಗೆ ಯಾಕೆ ಹುಡುಗಿ ಕೊಡ್ತೀಯ?" ಎಂದೆ.

ನನ್ನ ತಮ್ಮನ ಮುಖ ಒಳಕ್ಕೆ ಹೋಯಿತು. ಹುಳವನ್ನು ಮುಟ್ಟಿದರೆ ಚಿಪ್ಪಿನೊಳಗೆ ಹೋಗುತ್ತದಲ್ಲ, ಹಾಗೆ. "ಅದು ಬೇರೆ ಇದು ಬೇರೆ ಅಣ್ಣ. ಮನುಷ್ಯರ ವಿಷಯದಲ್ಲಿ ಅಷ್ಟು ಸಲೀಸಾಗಿ ಹೇಳೋಕೆ ಬರಲ್ಲ. ಸಾಧ್ಯತೆ ಅಷ್ಟೆ. ಎಷ್ಟೋ ಜನ ಚೆನ್ನಾಗೇ ಇದಾರೆ."

"ಏಳರಲ್ಲಿ ಇಬ್ಬರು."

"ಬಸಮ್ಮಂಗೆ ಮನಸ್ಸೈತೆ. ತಮ್ಮ ಒಂಟಿಯಾಗಿದಾನೆ ಅಂತ ಅಳ್ತಾಳೆ. ಮಾವನ ಹತ್ರ ಯಾರು ಹೇಳ್ತಾರೆ? ನೀನೇ ಹೇಳು ನೋಡಾಣ."

ನಾನು ಹೇಳಿ ಏನು ಪ್ರಯೋಜನ? ಹೆಂಡತಿ ಸತ್ತ ಮುದುಕನಿಗೆ ಬೇರೆಯವರ ಮದುವೆ ಕಂಡರೆ ಹೊಟ್ಟೆಯುರಿ ಎಂದು ಅನ್ನುತ್ತಿದ್ದರು. ನಮ್ಮ ಮನೆತನದಲ್ಲಿ ಹೆಣ್ಣು ಕೊಡುವಾಗ ವೀಳ್ಯದ ತಟ್ಟೆ ಮನೆಯ ಹಿರಿಯನ ಕೈಯಿಂದಲೇ ಹೋಗಬೇಕು. ಆ ಹಿರಿಯ ನಾನೇ. ನಾನು ಒಲ್ಲೆ ಎಂದರೆ ಮದಕರಿಪುರದಲ್ಲಿ ಒಬ್ಬ ದಾಯಾದಿ ಇದ್ದ. ಎರಡು ಹೊತ್ತು ಹೋಳಿಗೆ ಊಟ ಸಿಗುವುದಾದರೆ ಅವನು ಯಾರ ಮಗಳನ್ನಾದರೂ ಯಾರಿಗಾದರೂ ಕೊಟ್ಟುಬಿಡುತ್ತಿದ್ದ.

ಬಸ್ಸಿನಲ್ಲಿ ಹಿಂದಿರುಗುವಾಗ ಶಿವಕುಮಾರಪ್ಪ ಕ್ಯಾರಿಯರ್ ಮುಚ್ಚಳವನ್ನು ಆಗಾಗ ತೆರೆದು, ಒಳಗಿನ ನೆಂಟರು ಕ್ಷೇಮವೇ ಎಂದು ನೋಡುತ್ತಿದ್ದ.

ನಿಶ್ಚಯದ ದಿನ ಗೊತ್ತಾಯಿತು ಎಂದು ತಾಯಿ ಹೇಳಿದಾಗ ಅನ್ನಪೂರ್ಣ "ಹೂಂ" ಎಂದು ಕೊಟ್ಟಿಗೆಗೆ ಹೋದಳು. ಕೆಲವು ದಿನದ ಮೇಲೆ ಒಂದು ಸಂಜೆ ನಾನು ಹಿತ್ತಲಲ್ಲಿ ಪತ್ರೆ ಗಿಡಕ್ಕೆ ನೀರು ಹಾಕುತ್ತಿದ್ದೆ. ಕೊಟ್ಟಿಗೆಯಲ್ಲಿ ಅಪ್ಪ ಮಗಳು ಭರಣಿ ತೊಳೆಯುತ್ತಿದ್ದರು.

"ಅಪ್ಪಾಜಿ, ಬೋಳುಗುಡ್ಡಕ್ಕೆ ಬೇರೆ ಕಡೆ ಹುಳ ತಂದು ಬಿಟ್ರೆ ಸರಿ ಹೋಗುತ್ತಾ?"

"ಬಹಳ ಒಳ್ಳೆ ಪ್ರಶ್ನೆ" ಎಂದ ನನ್ನ ತಮ್ಮ. ಅವನ ದನಿ ಅರಳಿತು. ಎರಡು ಮೂರು ತಲೆಮಾರಿನಲ್ಲಿ ಮೊಟ್ಟೆ ಒಡೆಯುವುದು ಹೆಚ್ಚುತ್ತದೆ, ಹೊರಗಿನದು ಒಂದು ಬಂದರೂ ಸಾಕು, ವಿದೇಶದಲ್ಲಿ ನೊಣಗಳ ಮೇಲೆ ಇದನ್ನು ಮಾಡಿ ನೋಡಿದ್ದಾರೆ ಎಂದು ಬಹಳ ಹೊತ್ತು ವಿವರಿಸಿದ.

"ಅಲ್ಲಿಯ ಹುಳಾನೇ ಬೇರೆ ಗುಡ್ಡಕ್ಕೆ ಹೋದ್ರೆ?"

"ಹೋದ ಹುಳಕ್ಕೂ ಒಳ್ಳೇದೇ. ಆದ್ರೆ ಅದು ತಾನಾಗಿ ಹೋಗಲಾರದಲ್ಲ. ಮಧ್ಯ ಬಯಲೈತೆ. ಯಾರಾದ್ರೂ ಎತ್ಕೊಂಡು ಹೋಗಿ ಬಿಡಬೇಕು. ಇದನ್ನ ನಿನ್ನ ಸೆಮಿನಾರಿಗೆ ತಗೋಬಹುದು ನೋಡು."

ಅವಳು ಮತ್ತೊಂದು ಭರಣಿ ಎತ್ತಿಕೊಂಡಳು. ಭರಣಿ ತೊಳೆಯುವ ಸದ್ದು ಮಾತ್ರ ಬರುತ್ತಿತ್ತು. ಮಗಳು ತನ್ನ ಕಡೆ ಕೈ ಚಾಚಿದ್ದಾಳೆ ಎಂಬುದು ಆ ಮಹಾಪಂಡಿತನಿಗೆ ಹೊಳೆಯಲಿಲ್ಲ. ಅವಳ ಜಾಣತನಕ್ಕೆ ಬೆನ್ನು ತಟ್ಟಿ ಒಳಗೆ ಬಂದು ಕಾಫಿ ಕೇಳಿದ. ಆ ರಾತ್ರಿ ಪೂಜೆಗೆ ಕುಳಿತಾಗ ನನಗೆ ಮನಸ್ಸು ನಿಲ್ಲಲಿಲ್ಲ. ರುದ್ರಮ್ಮ ಇದ್ದಿದ್ದರೆ ನೆಟ್ಟಗೆ ಹೋಗಿ ಬಸಮ್ಮನ ಕೈ ಹಿಡಿದು ಕೂರಿಸಿ ಹೇಳುತ್ತಿದ್ದಳು. ಹೆಂಗಸರ ಮಾತು ಹಾಗೆ ಸಾಗುತ್ತದೆ. ನಾನು ಭಾವ. ನಾನು ಬಂದರೆ ಬಸಮ್ಮ ಸೆರಗು ಹೊದ್ದು ಬಾಗಿಲ ಮರೆಗೆ ನಿಲ್ಲುತ್ತಾಳೆ. ಅವಳಿಗೆ ತಿಳಿಯಬೇಕಾದದ್ದು ಅವಳ ಗಂಡನ ಬಾಯಿಂದಲೇ ಬರಬೇಕು ಎಂದುಕೊಂಡೆ. ಅವನ ಬಾಯಿ ಯಾವ ವಿಷಯಕ್ಕೆ ತೆರೆಯುತ್ತದೆ ಎಂಬುದು ನನಗೆ ಗೊತ್ತಿತ್ತು.

ಶ್ರಾವಣದ ಎರಡನೆಯ ಸೋಮವಾರ ನಿಶ್ಚಯ. ತಿಪ್ಪೇರುದ್ರಪ್ಪ ಮಗನನ್ನೂ ನಾಲ್ಕಾರು ನೆಂಟರನ್ನೂ ಕರೆದುಕೊಂಡು ಬೆಳಗ್ಗೆಯೇ ಚಿತ್ರದುರ್ಗಕ್ಕೆ ಬಂದಿಳಿದ. ಪಡಸಾಲೆಯಲ್ಲಿ ಜಮಖಾನ ಹಾಸಿತ್ತು. ವೀಳ್ಯದ ತಟ್ಟೆ ಸಿದ್ಧವಾಗಿ ಬಸಮ್ಮನ ಕೈಯಲ್ಲಿತ್ತು. ಶಾಸ್ತ್ರ ನಡೆಸುವ ಅಯ್ಯನವರು ಬಂದರೆ ಅದು ನನ್ನ ಕೈಗೆ, ನನ್ನ ಕೈಯಿಂದ ತಿಪ್ಪೇರುದ್ರಪ್ಪನ ಕೈಗೆ. ಅಯ್ಯನವರು ಬರಲಿಲ್ಲ. ಹೊಳಲ್ಕೆರೆ ಕಡೆಯ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿದೆ ಎಂದು ಯಾರೋ ಸುದ್ದಿ ತಂದರು. ಎಲ್ಲರೂ ಕುಳಿತು ಆಕಳಿಸತೊಡಗಿದರು.

ನಾನು ತಿಪ್ಪೇರುದ್ರಪ್ಪನ ಕಡೆ ತಿರುಗಿದೆ. "ಬೀಗರೇ, ನಿಮ್ಮೂರ ಗುಡ್ಡ ಈಗ ಬೆಂಗಳೂರಲ್ಲಿ ಹೆಸರುವಾಸಿ ಆಗೈತೆ. ನಿಮ್ಮ ಅಳಿಯಂದ್ರು ಹೇಳಿಲ್ವಾ?"

"ಯಾವ ಗುಡ್ಡ? ಬೋಳುಗುಡ್ಡಾನಾ?"

"ಅಲ್ಲಿಯ ಬಸವನಹುಳು. ಹೇಳಪ್ಪ ಶಿವಕುಮಾರ, ಹೊತ್ತು ಹೋಗಲಿ."

ನನ್ನ ತಮ್ಮ ಒಮ್ಮೆ ನನ್ನ ಕಡೆ ನೋಡಿದ. ಆದರೆ ಕೇಳುವವರು ಹತ್ತು ಜನ, ಎಲ್ಲರೂ ಅವನ ಕಡೆ ತಿರುಗಿದ್ದರು. ಕಾಲೇಜಿನಲ್ಲಿ ಅವನ ಪಾಠಕ್ಕೆ ಹುಡುಗರು ಕಿಟಕಿಯಿಂದ ಹಾರಿ ಹೋಗುತ್ತಿದ್ದರಂತೆ. ಇಲ್ಲಿ ಯಾರೂ ಹಾರುವಂತಿರಲಿಲ್ಲ. ಅವನು ಶುರು ಮಾಡಿದ.

ಮಳೆಗಾಲ, ಕಾಡು, ಹವೆ ಬದಲಾದದ್ದು, ಬಯಲು ಒಣಗಿದ್ದು, ಎಲ್ಲ ಬಂತು. ಹಿಂದಿನ ಹವೆಯೆಲ್ಲ ಹುಳದ ಮೈಯೊಳಗೆ ಇವತ್ತಿಗೂ ಬರೆದಿಟ್ಟ ಹಾಗಿದೆ ಎಂದ. ಅವನು ಚೆನ್ನಾಗಿಯೇ ಹೇಳುತ್ತಿದ್ದ, ಅದನ್ನು ಒಪ್ಪಬೇಕು. ನೆಂಟರು ಬಾಯಿ ತೆರೆದು ಕೇಳಿದರು.

"ಅಂದ್ರೆ ನಮ್ಮ ಗುಡ್ಡದ ಹುಳ ಬ್ಯಾರೆ ಯಾರ ಸಂಗಡಾನೂ ಬೆರೆತಿಲ್ಲ" ಎಂದ ತಿಪ್ಪೇರುದ್ರಪ್ಪ, ಮೀಸೆಯ ಮೇಲೆ ಕೈ ಹಾಕಿ.

"ಇಲ್ಲ ಮಾವ. ಅಪ್ಪಟ ಒಂದೇ ಗೆರೆ."

"ನೋಡ್ರಪ್ಪ, ನಮ್ಮೂರ ಹುಳಕ್ಕೂ ಮನೆತನದ ಮರ್ಯಾದೆ ಐತೆ" ಎಂದು ಅವನು ನೆಂಟರ ಕಡೆ ನೋಡಿ ನಕ್ಕ. ಅವರೂ ನಕ್ಕರು.

"ಆದರೆ ಮೊಟ್ಟೆ ಒಡೆಯಲ್ವಂತೆ" ಎಂದೆ ನಾನು.

"ಯಾಕೆ ಒಡೆಯಲ್ಲ?" ಎಂದು ತಿಪ್ಪೇರುದ್ರಪ್ಪ ಕೇಳಿದ.

"ಪ್ರತಿ ಪ್ರಾಣೀಲೂ ಒಂದಿಷ್ಟು ದೋಷ ಮರೆಯಾಗಿ ಇರ್ತವೆ ಮಾವ" ಎಂದ ನನ್ನ ತಮ್ಮ. ಪಾಠದ ಓಟದಲ್ಲಿ ಅವನಿಗೆ ತಾನು ಎಲ್ಲಿ ಕುಳಿತಿದ್ದೇನೆ ಎಂಬುದೇ ಮರೆತಿತ್ತು. "ಹೊರಗಿನದರ ಜೊತೆ ಕೂಡಿದ್ರೆ ಆ ದೋಷ ಮರೆಯಲ್ಲೇ ಉಳಿಯುತ್ತೆ. ಹತ್ತಿರದ ನೆಂಟರೇ ಕೂಡ್ತಾ ಹೋದ್ರೆ, ತಾಯಿ ಕಡೇದು ತಂದೆ ಕಡೇದು ಎರಡೂ ಒಂದೇ ದೋಷ ಸೇರಿ ಹೊರಗೆ ಬರುತ್ತೆ. ಕೆಲವು ಹುಟ್ಟೋದೇ ಇಲ್ಲ. ಹುಟ್ಟಿದ್ರೂ ಕೆಲವು ತಲೆ ಎತ್ತಲ್ಲ, ತೆವಳಲ್ಲ, ಹಾಗೇ ಸಾಯ್ತವೆ. ಇದು ಬರೀ ಹುಳದಲ್ಲಿ ಅಲ್ಲ, ದನದಲ್ಲೂ..."

ಅಲ್ಲಿ ಅವನಿಗೆ ಎಚ್ಚರವಾಯಿತು.

ಒಳಬಾಗಿಲಲ್ಲಿ ಬಸಮ್ಮ ತಟ್ಟೆ ಹಿಡಿದು ನಿಂತಿದ್ದಳು. ಅವಳ ತಲೆಯ ಮೇಲಿನ ಸೆರಗು ಜಾರಿತ್ತು. ಅದನ್ನು ಎಳೆದುಕೊಳ್ಳಲಿಲ್ಲ.

"ಕೊಟ್ರ ತಲೆ ಎತ್ತಲಿಲ್ಲ" ಎಂದಳು.

ಕೊಟ್ರ ಯಾರು ಎಂದು ನೆಂಟರಲ್ಲಿ ಕೆಲವರಿಗೆ ಗೊತ್ತಿರಲಿಕ್ಕಿಲ್ಲ. ಅವಳ ಬೆನ್ನಿಗೆ ಹುಟ್ಟಿದ ತಮ್ಮ. ಆರು ವರ್ಷ ಬದುಕಿದ್ದ. ಕತ್ತು ನಿಲ್ಲದ ಆ ಹುಡುಗನನ್ನು ಸೊಂಟದ ಮೇಲೆ ಹೊತ್ತುಕೊಂಡು ತಿರುಗಿದವಳು ಬಸಮ್ಮನೇ.

"ಅವನಿಗೂ ಇದೇನಾ?"

"ಹಾಗೆ ಖಚಿತವಾಗಿ ಹೇಳೋಕೆ ಆಗಲ್ಲ" ಎಂದ ಶಿವಕುಮಾರಪ್ಪ. "ಸಾಧ್ಯತೆ."

"ನಿಮಗೆ ಯಾವಾಗಿಂದ ಗೊತ್ತು?"

ಅವನು ಜಮಖಾನದ ಅಂಚು ಮಡಿಸತೊಡಗಿದ.

"ಹುಳ ಸಾಕಾಕೆ ಶುರು ಮಾಡಿದ ಮ್ಯಾಲಾ? ಅದಕ್ಕೂ ಮುಂಚೇನಾ?"

"ಎಂ.ಎಸ್ಸಿ. ಓದೋವಾಗ ಪುಸ್ತಕದಲ್ಲಿತ್ತು" ಎಂದ. ಸುಳ್ಳು ಹೇಳುವುದು ಅವನಿಗೆ ಗೊತ್ತಿಲ್ಲ. ಹೇಳದೆ ಇರುವುದು ಮಾತ್ರ ಗೊತ್ತು.

ಅವನು ಕೆಲಸಕ್ಕೆ ರಜೆ ಹಾಕಿ ಎಂ.ಎಸ್ಸಿ. ಓದಿದ್ದು ಅನ್ನಪೂರ್ಣ ನಮ್ಮ ಮನೆಯಲ್ಲಿ ಅಕ್ಷರ ತಿದ್ದುತ್ತಿದ್ದ ಕಾಲದಲ್ಲಿ. ಬಸಮ್ಮ ಲೆಕ್ಕ ಹಾಕುತ್ತಿರುವುದು ಅವಳ ಮುಖದಲ್ಲಿ ಕಾಣುತ್ತಿತ್ತು. ಹುಡುಗಿಯ ವಿಷಯ ಎತ್ತುತ್ತಾಳೆ ಎಂದು ನಾನು ಕಾದೆ. ಅವಳು ಎತ್ತಿದ್ದು ಬೇರೆ.

"ಅವಾಗ ನಮ್ಮವ್ವ ಬದುಕಿದ್ಲು" ಎಂದಳು. "ಮಕ್ಕಳನ್ನ ತಿಂದೋಳು ಅಂತ ಅವಳನ್ನ ಅನ್ನದೇ ಇದ್ದೋರು ಯಾರು? ಬಾಣಂತಿ ಮನೆ ಮುಂದೆ ಹೋದ್ರೆ ಬಾಗಿಲು ಹಾಕೋರು. ಸಾಯೋ ದಿನಾನೂ, ಬಸಮ್ಮ ನಾನೇನು ಪಾಪ ಮಾಡಿದ್ದೆ, ಹೇಳು ಅಂತ ಕೇಳಿದ್ಲು. ನೀವು ಅಲ್ಲೇ ಮಂಚದ ಪಕ್ಕ ಕುಂತಿದ್ರಿ. ಅವಳಿಗೊಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?"

"ಹೇಳಿ ಏನು ಪ್ರಯೋಜನ ಅಂತ..." ಎಂದ ನನ್ನ ತಮ್ಮ.

"ಪಾಪ ನಂದಲ್ಲ ಅಂತ ತಿಳ್ಕಂಡು ಸಾಯ್ತಿದ್ಲು."

ತಿಪ್ಪೇರುದ್ರಪ್ಪ ಎದ್ದು ನಿಂತ. "ಏನ್ ಹುಚ್ಚಾಟ ಇದು? ಹುಳದ ಲೆಕ್ಕ ತಂದು ಮನುಷ್ಯರಿಗೆ ಹಾಕ್ತೀರಾ? ನಮ್ಮಪ್ಪ, ನಮ್ಮಜ್ಜ ಎಲ್ಲ ಹಂಗೇ ಬಾಳಿ ಹೋಗ್ಯಾರೆ. ಶಿವ ಕೊಟ್ಟ, ಶಿವ ಕರ್ಕಂಡ."

ಶಿವನ ಹೆಸರನ್ನು ಅವನು ಎಳೆದು ತಂದದ್ದು ನನಗೆ ಸಹಿಸಲಾಗಲಿಲ್ಲ. "ಬೀಗರೇ, ಶಿವ ಕರ್ಕೊಂಡಿದ್ರೆ ಬೈಗುಳ ನಿಮ್ಮ ಹೆಂಡತಿಗೆ ಯಾಕೆ ಬಿತ್ತು? ಶಿವಂಗೇ ಬೈಬೇಕಿತ್ತು" ಎಂದೆ.

"ನೀವು ಸುಮ್ನಿರ್ರಿ. ಹಿರೇರು ಅಂತ ವೀಳ್ಯ ಕೊಡಾಕೆ ಕುಂದ್ರಿಸಿದ್ರೆ ಮನೆ ಮುರಿಯೋ ಕೆಲ್ಸ ಮಾಡ್ತೀರಿ. ಬಸಮ್ಮ, ತಟ್ಟೆ ತಗಂಬಾ ಇತ್ಲಾಗೆ."

"ಅಪ್ಪಯ್ಯ, ತಟ್ಟೆ ಬರಲ್ಲ" ಎಂದಳು ಬಸಮ್ಮ. ದನಿ ಏರಿಸಲಿಲ್ಲ. ತಟ್ಟೆಯನ್ನು ತೆಗೆದುಕೊಂಡು ಅಡುಗೆಮನೆಗೆ ಹೋದಳು. ವೀಳ್ಯದೆಲೆಗಳನ್ನು ಬಾಡದಂತೆ ನೀರಿಗೆ ಹಾಕಿದ ಸದ್ದು ಪಡಸಾಲೆಗೆ ಕೇಳಿಸಿತು.

ಅದೇ ಹೊತ್ತಿಗೆ ಅಯ್ಯನವರು ಬೆವರೊರೆಸಿಕೊಳ್ಳುತ್ತ ಬಂದರು. "ಲಾರಿ ಹತ್ತಿ ಬಂದೆ ನೋಡ್ರಿ. ಎಲ್ಲ ಸಿದ್ಧ ಐತಾ?" ಎಂದರು. ಬಸಮ್ಮ ತಂಬಿಗೆಯಲ್ಲಿ ನೀರು ತಂದು ಅವರ ಪಾದ ತೊಳೆದಳು. "ಪ್ರಸಾದ ಸಿದ್ಧ ಐತೆ ಬುದ್ಧಿ. ಇವತ್ತು ಅದೊಂದೇ" ಎಂದಳು. ಅಯ್ಯನವರು ಲೋಕ ಕಂಡವರು. ಸುತ್ತ ಒಮ್ಮೆ ನೋಡಿ, ಹಸಿದಿದ್ದೇನೆ ಎಂದು ಎಲೆಯ ಮುಂದೆ ಕುಳಿತರು.

ತಿಪ್ಪೇರುದ್ರಪ್ಪ ಉಣ್ಣದೆ ಹೊರಟ. ಅವನ ಹಿಂದೆ ನೆಂಟರೂ ಹೊರಟರು, ಹೋಳಿಗೆಯ ವಾಸನೆಯ ಕಡೆ ಎರಡೆರ‍ಡು ಸಲ ತಿರುಗಿ ನೋಡುತ್ತ. ಮುರುಗಪ್ಪ ಹೋಗಲಿಲ್ಲ. "ನೀವು ನಡೀರಿ, ನಾನು ಆಮೇಲೆ ಬರ್ತೀನಿ" ಎಂದ. ತಂದೆಗೆ ಅವನು ಎದುರು ಹೇಳಿದ್ದು ಅದೇ ಮೊದಲು ಎಂದು ತೋರುತ್ತದೆ. ತಿಪ್ಪೇರುದ್ರಪ್ಪ ಬೀದಿಯಲ್ಲಿ ಎರಡು ಸಲ "ಲೇ ಮುರುಗ" ಎಂದು ಕೂಗಿ ಮುಂದೆ ನಡೆದ.

ಶಿವಕುಮಾರಪ್ಪ ಕೊಟ್ಟಿಗೆಗೆ ಹೋಗಿ ಕುಳಿತಿದ್ದ. ನಾನು ಹೋದೆ.

"ಬೇಕಂತಲೇ ಕೇಳಿದೆ ಅಲ್ವಾ ಅಣ್ಣ?"

"ಹೌದು."

"ನನ್ನ ಪ್ರಬಂಧ ಇನ್ನೂ ಒಪ್ಪಿಸಿಲ್ಲ. ಹತ್ತು ಜನರ ಮುಂದೆ ಎಲ್ಲ ಹೇಳಿಸಿಬಿಟ್ಟೆ" ಎಂದ. ನಾನು ಅವನ ಮುಖವನ್ನೇ ನೋಡಿದೆ. ಅವನು ತಮಾಷೆ ಮಾಡುತ್ತಿರಲಿಲ್ಲ. ನಲವತ್ತಾರು ವರ್ಷದ ಗಂಡಸು, ಹೆಂಡತಿ ಹಾಗೆ ಮಾತಾಡಿದ ಮೇಲೆ ಅವನಿಗೆ ಹೊಳೆದ ದುಃಖ ಇದು. ಶಿವನು ಕೆಲವರಿಗೆ ಬುದ್ಧಿಯನ್ನು ಕೊಡುತ್ತಾನೆ, ಅದನ್ನು ಮನೆಗೆ ಒಯ್ಯುವ ದಾರಿ ಕೊಡುವುದಿಲ್ಲ.

"ಒಳಗೆ ಹೋಗಿ ಆಕೆ ಹತ್ರ ಮಾತಾಡು" ಎಂದೆ.

"ಏನಂತ?"

"ಅದನ್ನೂ ಪುಸ್ತಕದಲ್ಲಿ ಹುಡುಕು" ಎಂದು ಹೊರಗೆ ಬಂದೆ.

ಪಡಸಾಲೆಯಲ್ಲಿ ಜಮಖಾನ ಹಾಗೇ ಇತ್ತು. ಅಯ್ಯನವರು ಉಂಡು ವಿಶ್ರಾಂತಿಗೆ ಹೋಗಿದ್ದರು. ಅನ್ನಪೂರ್ಣ ನಿಶ್ಚಯದ ಸೀರೆಯಲ್ಲೇ ಎಲೆ ಎತ್ತುತ್ತಿದ್ದಳು. ನನ್ನನ್ನು ಕಂಡು "ದೊಡ್ಡಪ್ಪ, ನೀವು ಉಂಡಿಲ್ಲ" ಎಂದಳು. ಹೊಸ ಎಲೆ ಹಾಕಿ ಬಡಿಸಿದಳು.

ನಡುಮನೆಯ ಹೊಸ್ತಿಲ ಮೇಲೆ ಬಸಮ್ಮ ಕುಳಿತಿದ್ದಳು. ಮುರುಗಪ್ಪ ಕೆಳಗೆ ನೆಲದ ಮೇಲೆ ಕುಳಿತು ಊಟ ಮಾಡುತ್ತಿದ್ದ. ಅಷ್ಟು ದೊಡ್ಡ ಗಂಡಸು ತುತ್ತು ಕೈಯಲ್ಲಿ ಹಿಡಿದು ಮರೆತಿದ್ದ.

"ಅಕ್ಕ, ಆ ಕೊಟ್ರ ನನ್ನ ಥರಾನೇ ಇದ್ನಾ?" ಎಂದ. "ನನಗೆ ಯಾರೂ ಹೇಳೇ ಇಲ್ಲ."

"ನಿನ್ನ ಥರಾ ಅಲ್ಲ. ಅವ್ವನ ಮೂಗು. ನಕ್ಕರೆ ಬಾಯಿ ಒಂದು ಕಡೆ ಹೋಗೋದು. ಹಾಲು ಅನ್ನ ಕಲಸಿ ಬೆರಳಲ್ಲಿ ಇಡ್ತಿದ್ದೆ, ನುಂಗಾಕೆ ಬಹಳ ಹೊತ್ತು ಬೇಕು ಅವನಿಗೆ. ಮೊದಲು ನೀನು ಉಣ್ಣು."

"ಉಣ್ತೀನಿ. ಅವನಾದ ಮೇಲೆ ಹುಟ್ಟಿದ್ದು ಯಾರು?"

ಬಸಮ್ಮ ಹೇಳತೊಡಗಿದಳು. ಹೆಸರಿಟ್ಟವರ ಹೆಸರು ಹೇಳಿದಳು. ಹೆಸರಿಡುವುದಕ್ಕೆ ಮುಂಚೆ ಹೋದವರು ಯಾವ ತಿಂಗಳಲ್ಲಿ ಹುಟ್ಟಿದರು ಎಂದು ಹೇಳಿದಳು. ಅನ್ನಪೂರ್ಣ ಸಾರಿನ ಪಾತ್ರೆ ಹಿಡಿದು ನನ್ನ ಎಲೆಯ ಮುಂದೆ ನಿಂತವಳು ಬಡಿಸುವುದನ್ನು ಬಿಟ್ಟು ತಾಯಿಯ ಹತ್ತಿರ ಹೋಗಿ ಕುಳಿತಳು. ನಾನು ಬರಿಯ ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಉಂಡೆ.